ಹರವಿ ಪಕ್ಕದ ಟ್ಯೂಬು

ಬರ್ಮಿಂಗ್‌ಹ್ಯಾಮ್ ವಿಮಾನ ನಿಲ್ದಾಣ

ಇಂಗ್ಲೆಂಡಿಗೆ ಹೋಗಿ ಬಂದವರು ಮೊದಲು ಚಳಿಯ ಸುದ್ದಿ ಎತ್ತುತ್ತಾರೆ. ನನಗೆ ಅಲ್ಲಿ ಮೊದಲು ಎದುರಾದದ್ದು ಚಳಿಯಲ್ಲ, ಕಸ್ಟಮ್ಸ್ ಮೇಜಿನ ಹಿಂದೆ ನಿಂತಿದ್ದ ಎತ್ತರದ ಸರ್ದಾರ್ಜಿ ಅಧಿಕಾರಿ. ಅವರು ನನ್ನ ಚೀಲದಿಂದ ಎರಡು ವಸ್ತು ತೆಗೆದು ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟರು. ಒಂದು, ಗಾಜಿನ ಕೊಳವೆಗೆ ಉದ್ದನೆಯ ರಬ್ಬರ್ ನಳಿಕೆ ಸಿಕ್ಕಿಸಿದ ನನ್ನ ಆಸ್ಪಿರೇಟರ್. ಇನ್ನೊಂದು, ಕಪ್ಪನೆಯ ಗುರೆಳ್ಳು ಪುಡಿಯ ಪೊಟ್ಟಣ. ಎರಡನ್ನೂ ಒಟ್ಟಿಗೆ ನೋಡಿದರೆ ನನಗೇ ನನ್ನ ಮೇಲೆ ಅನುಮಾನ ಬರುವಂತಿತ್ತು.

ಇದು ಸೊಳ್ಳೆ ಹಿಡಿಯುವ ಸಾಧನ ಎಂದೆ. ಹೇಗೆ ಎಂದರು. ನಳಿಕೆಯ ತುದಿ ಬಾಯಲ್ಲಿಟ್ಟುಕೊಂಡು, ಮೇಜಿನ ಮೇಲಿದ್ದ ಹತ್ತಿಯ ಎಳೆಯೊಂದನ್ನು ಸೊಳ್ಳೆ ಎಂದು ಭಾವಿಸಿ ಉಸಿರೆಳೆದು ತೋರಿಸಿದೆ. ಎಳೆ ಕೊಳವೆಯೊಳಗೆ ಹೋಗಿ ನಿಂತಿತು. ಸರದಿಯಲ್ಲಿ ನಿಂತವರೆಲ್ಲ ತಮ್ಮ ಅವಸರ ಮರೆತು ನೋಡುತ್ತಿದ್ದರು. ಬಾಯಿಗೆ ಹೋಗುವುದಿಲ್ಲವೇ ಎಂದು ಅಧಿಕಾರಿ ಕೇಳಿದರು. ಮಧ್ಯದಲ್ಲಿ ಜಾಲರಿ ಇದೆ, ಮೂವತ್ತು ವರ್ಷದಲ್ಲಿ ಎರಡೇ ಸಲ ಹೋಗಿದೆ ಎಂದೆ. ಅವರು ಗುರೆಳ್ಳು ಪುಡಿ ಮೂಸಿ ನೋಡಿ, ತಾವೇ ಗಂಟು ಹಾಕಿ ನನ್ನನ್ನು ಬಿಟ್ಟರು.

ನನ್ನ ಕೆಲಸ ಏನೆಂದು ಇಲ್ಲೇ ಹೇಳಿಬಿಡುತ್ತೇನೆ. ತುಂಗಭದ್ರಾ ಕಾಲುವೆಯ ಊರುಗಳಲ್ಲಿ ಮಲೇರಿಯಾ ಬರಬಾರದೆಂದು ಇಲಾಖೆಯವರು ಮನೆಯೊಳಗಿನ ಗೋಡೆಗಳಿಗೆ ಔಷಧಿ ಹೊಡೆಯುತ್ತಾರೆ. ಆ ಔಷಧಿಗೆ ಸೊಳ್ಳೆ ಇನ್ನೂ ಸಾಯುತ್ತಿದೆಯೋ, ಅದನ್ನು ಅರಗಿಸಿಕೊಂಡು ಬದುಕುವುದನ್ನು ಕಲಿತಿದೆಯೋ ಎಂದು ವರ್ಷಕ್ಕೊಮ್ಮೆ ಪರೀಕ್ಷೆ ಮಾಡುವವಳು ನಾನು. ಸಾಯುತ್ತಿದೆ ಎಂದು ನಾನು ಬರೆದರೆ ಅದೇ ಔಷಧಿ ಮುಂದುವರಿಯುತ್ತದೆ. ಇಲ್ಲ ಎಂದು ಬರೆದರೆ ಬದಲಿಸಬೇಕಾಗುತ್ತದೆ. ನಿವೃತ್ತಿಗೆ ಎರಡು ವರ್ಷ ಇರುವಾಗ ಯಾರಿಗೆ ದಯೆ ಬಂತೋ, ಲೀಡ್ಸ್‌ನ ಒಂದು ಪ್ರಯೋಗಾಲಯದಲ್ಲಿ ಎರಡು ವಾರದ ತರಬೇತಿಗೆ ನನ್ನ ಹೆಸರು ಹೋಯಿತು.

ಗುರೆಳ್ಳು ಪುಡಿ ನನ್ನದಲ್ಲ. ಅದು ಖಾಸಿಂಸಾಬರದು. ಅವರು ನಮ್ಮ ಆಫೀಸಿನಲ್ಲಿ ಕೀಟ ಸಂಗ್ರಾಹಕರಾಗಿದ್ದರು, ಎಂದರೆ ಬೆಳಗಿನ ಜಾವ ದನದ ಕೊಟ್ಟಿಗೆಗಳಿಗೆ ನುಗ್ಗಿ ಬ್ಯಾಟರಿ ಬೆಳಕಿನಲ್ಲಿ ಸೊಳ್ಳೆ ಹಿಡಿದು ತರುವವರು, ಒಮ್ಮೊಮ್ಮೆ ಪರೀಕ್ಷೆಗೂ ಕೂರುವವರು. ಹೊರಡುವ ದಿನ ಬಸ್ ಸ್ಟ್ಯಾಂಡಿಗೆ ಬಂದು, ಮಗಳು ಶಾಹೀನ್ ಮ್ಯಾಕಲ್ಸ್‌ಫೀಲ್ಡ್‌ನಲ್ಲಿದ್ದಾಳೆ, ಕೊಟ್ಟುಬಿಡ್ರಿ ಎಂದು ಪೊಟ್ಟಣ ಕೈಗಿತ್ತರು. ಪುಡಿಯ ಜೊತೆ ಮೊಮ್ಮಗಳಿಗೊಂದು ಕೆಂಪು ಫ್ರಾಕ್ ಇತ್ತು. ಒಂದು ಕಾಲದಲ್ಲಿ ನಾನು ಅವರಿಗೆ ನೋಟಿಸ್ ಕೊಟ್ಟಿದ್ದೆ. ಆಮೇಲೆ ನಮ್ಮಿಬ್ಬರಲ್ಲಿ ಮಾತು ಕಡಿಮೆಯಾಗಿತ್ತು. ಹಾಗಾಗಿ ಪೊಟ್ಟಣ ತೆಗೆದುಕೊಳ್ಳುತ್ತಾ, ಹಳೆಯದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಳ್ಳಬೇಡಿ, ನಾನೂ ಮರೆತಿದ್ದೇನೆ ಎಂದು ದೊಡ್ಡ ಮನಸ್ಸಿನಿಂದ ಹೇಳಿದೆ. ಅವರು ಬಸ್ಸು ಹೊರಡುವ ತನಕ ನಿಂತಿದ್ದರು.

ಟಿವಿಡೇಲ್

ತರಬೇತಿ ಸೋಮವಾರದಿಂದ. ಅದಕ್ಕೆ ಮೊದಲ ಎರಡು ದಿನ ಅಕ್ಕನ ಮಗಳು ರೂಪಾಳ ಮನೆಯಲ್ಲಿದ್ದೆ. ಭಾನುವಾರ ಅವರ ಮನೆಯವರೆಲ್ಲ ಕಾರಿನಲ್ಲಿ ಟಿವಿಡೇಲ್‌ನ ಬಾಲಾಜಿ ದೇವಸ್ಥಾನಕ್ಕೆ ಹೊರಟರು. ದಾರಿಯುದ್ದಕ್ಕೂ ಕಾರ್ಖಾನೆ, ಗೋದಾಮು, ಮಳೆಗೆ ನೆಂದ ಇಟ್ಟಿಗೆ ಮನೆಗಳು. ಅದರ ನಡುವೆ ತಿಮ್ಮಪ್ಪ ಹೇಗೆ ನೆಲೆಯೂರಿದನೋ ಎಂದುಕೊಳ್ಳುವಷ್ಟರಲ್ಲಿ ಗೋಪುರ ಕಂಡಿತು. ನಾನು ಅಭ್ಯಾಸಬಲದಿಂದ ಕಾರಿನಲ್ಲೇ ಚಪ್ಪಲಿ ಬಿಟ್ಟು ಇಳಿದೆ. ಪಾರ್ಕಿಂಗ್ ಜಾಗದ ನೀರಿನಲ್ಲಿ ಕಾಲು ಮರಗಟ್ಟಿ, ಗರ್ಭಗುಡಿಯ ಮುಂದೆ ನಿಂತಾಗ ದೇವರಿಗಿಂತ ಹೆಚ್ಚಾಗಿ ಪಾದಗಳನ್ನೇ ನೆನೆದೆ.

ಊಟದ ಹಾಲ್‌ನಲ್ಲಿ ಕನ್ನಡದವರು ಒಂದು ಮೇಜಿನ ಸುತ್ತ ಸೇರಿದರು. ಧಾರವಾಡದವರೊಬ್ಬರು, ಮಂಗಳೂರಿನ ದಂಪತಿ, ಮೈಸೂರಿನವರು. ಎಲ್ಲರೂ ತಮ್ಮ ತಮ್ಮ ಮಾತನ್ನು ಮನೆಯಲ್ಲೇ ಬಿಟ್ಟುಬಂದವರ ಹಾಗೆ ಬೆಂಗಳೂರು ಕನ್ನಡದಲ್ಲಿ ಮಾರ್ಟ್‌ಗೇಜು, ಕೌನ್ಸಿಲ್ ಟ್ಯಾಕ್ಸು ಮಾತಾಡುತ್ತಿದ್ದರು. ಮಕ್ಕಳಿಗೆ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಬರುತ್ತಿತ್ತು, ಅದನ್ನು ಯಾರೂ ಗಮನಿಸುತ್ತಲೂ ಇರಲಿಲ್ಲ. ರೂಪಾ ನನ್ನನ್ನು ಸೊಳ್ಳೆ ಚಿಕ್ಕಮ್ಮ ಎಂದು ಪರಿಚಯಿಸಿದಳು. ಎಲ್ಲರಿಗೂ ಕುತೂಹಲ. ನಾನೂ ಸ್ವಲ್ಪ ಉಬ್ಬಿದೆ.

ಉಬ್ಬಿದ ಮೇಲೆ ಒಂದು ಕತೆ ಹೇಳಿದೆ. ಅದನ್ನು ಈಗ ಬರೆಯುವುದಕ್ಕೂ ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು. ನಮ್ಮ ಆಫೀಸಿನಲ್ಲಿ ಒಬ್ಬರಿದ್ದರು, ನಾನು ಪರೀಕ್ಷೆ ಮಾಡಿದರೆ ಸೊಳ್ಳೆಗಳೆಲ್ಲ ಸಾಯುತ್ತಿದ್ದವು, ಅವರು ಮಾಡಿದರೆ ಅರ್ಧಕ್ಕರ್ಧ ಎದ್ದು ಹಾರುತ್ತಿದ್ದವು, ಸೊಳ್ಳೆಗೆ ಸಂಜೀವಿನಿ ಕೊಡುತ್ತಿದ್ದ ಮಹಾನುಭಾವ ಎಂದೆ. ಮೇಜೆಲ್ಲ ನಕ್ಕಿತು. ಹಳೆಯ ಔಷಧಿ ಕಾಗದ ಬಳಸಿದರೋ, ಟ್ಯೂಬು ಅದಲುಬದಲು ಮಾಡಿದರೋ, ಅಂತೂ ನಿರ್ಲಕ್ಷ್ಯ, ಕೊನೆಗೆ ಆ ಕೆಲಸದಿಂದಲೇ ತೆಗೆದು ಉಗ್ರಾಣದಲ್ಲಿ ಕೂರಿಸಿದೆ ಎಂದು ಮುಗಿಸಿದೆ. ಅದೇ ಮನುಷ್ಯನ ಪೊಟ್ಟಣ ರೂಪಾಳ ಮನೆಯಲ್ಲಿ ನನ್ನ ಚೀಲದಲ್ಲಿತ್ತು. ಎರಡನೆಯ ಸಲ ಪುಳಿಯೋಗರೆ ಬಡಿಸಿಕೊಂಡು ತಿಂದೆ.

ಲೀಡ್ಸ್, ಮೊದಲ ವಾರ

ಲೀಡ್ಸ್‌ನಲ್ಲಿ ಬಸ್ ಹತ್ತಿದ ಮೊದಲ ದಿನ ಡ್ರೈವರ್ ನನ್ನನ್ನು "ಲವ್" ಎಂದು ಕರೆದ. ಐವತ್ತೆಂಟು ವಯಸ್ಸಿನ ಸರ್ಕಾರಿ ನೌಕರಳನ್ನು ಇಪ್ಪತ್ತೈದರ ಹುಡುಗ ಹಾಗೆ ಕರೆದರೆ ಏನು ಮಾಡಬೇಕೆಂದು ನಮ್ಮ ಸೇವಾ ನಿಯಮಗಳಲ್ಲಿ ಇಲ್ಲ. ಆಮೇಲೆ ನೋಡಿದರೆ ತರಕಾರಿ ಅಂಗಡಿಯಾಕೆಯೂ ಲವ್, ಅಂಚೆ ಕಚೇರಿಯವಳೂ ಲವ್. ನಮ್ಮ ಕಡೆ ಎಲ್ಲರಿಗೂ ಅಕ್ಕ, ಅಣ್ಣ ಎನ್ನುವಂತೆ ಎಂದು ಸಮಾಧಾನ ಮಾಡಿಕೊಂಡೆ. ಇಳಿಯುವಾಗ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳುತ್ತಾರೆ. ಮೂರನೆಯ ದಿನದಿಂದ ನಾನೂ ಹೇಳತೊಡಗಿದೆ.

ನಮಗೆ ಕಲಿಸುವಾಕೆಯ ಹೆಸರು ಪೌಲಿನ್. ನನ್ನದೇ ವಯಸ್ಸು, ನನ್ನಂತೆಯೇ ಮೊಣಕಾಲು ನೋವು, ಮಾತು ಕಡಿಮೆ. ಹೊಗಳುವ ಅಭ್ಯಾಸ ಇಲ್ಲ. ಚೆನ್ನಾಗಿ ಮಾಡಿದರೆ "ಪರವಾಗಿಲ್ಲ" ಎನ್ನುವರು, ಆ ಊರಿನಲ್ಲಿ ಅದೇ ಬಿರುದು ಎಂದು ಜೊತೆಯವರು ಹೇಳಿದರು.

ಸೊಳ್ಳೆ ಸಾಕುವ ಕೋಣೆಗೆ ಮೊದಲ ಸಲ ಕಾಲಿಟ್ಟಾಗ ಕನ್ನಡಕಕ್ಕೆ ಮಂಜು ಕವಿಯಿತು. ಹೊರಗೆ ಕೈ ಕೊರೆಯುವ ಗಾಳಿ, ಒಳಗೆ ನಮ್ಮ ಗಂಗಾವತಿಯ ಮಳೆಗಾಲದ ಸೆಕೆ. ಬಾಗಿಲು ಹಾಕಿಕೊಂಡು ಸ್ವೆಟರ್ ಬಿಚ್ಚಿದಾಗ ಆದ ಸುಖವನ್ನು ಏನೆಂದು ಹೇಳಲಿ. ಅಲ್ಲಿ ಪಂಜರಗಳ ಸಾಲು, ಒಂದೊಂದರಲ್ಲೂ ನೂರಾರು ಸೊಳ್ಳೆ. ಅವಕ್ಕೆ ಬೆಚ್ಚಗೆ ಮಾಡಿದ ರಕ್ತ, ಸಕ್ಕರೆ ನೀರು, ಹೊತ್ತಿಗೆ ಸರಿಯಾಗಿ ದೀಪ ಆರಿಸಿ ಕತ್ತಲೆ. ನಮ್ಮ ಹಾಸ್ಟೆಲ್ ಮಕ್ಕಳಿಗೂ ಇಷ್ಟು ವ್ಯವಸ್ಥೆಯಿಲ್ಲ. ಊಟದ ವಿರಾಮದಲ್ಲೂ ನಾನು ಆ ಕೋಣೆಯಲ್ಲೇ ಉಳಿಯುತ್ತಿದ್ದೆ, ಸೊಳ್ಳೆಗಳ ಮೇಲಿನ ಪ್ರೀತಿಗಿಂತ ಬಿಸಿಯ ಆಸೆಗೆ.

ಪರೀಕ್ಷೆ ಎಲ್ಲ ಕಡೆ ಒಂದೇ. ಔಷಧಿ ಹಚ್ಚಿದ ಕಾಗದವನ್ನು ಟ್ಯೂಬಿನೊಳಗೆ ಸುತ್ತಿ, ಇಪ್ಪತ್ತೈದು ಸೊಳ್ಳೆಗಳನ್ನು ಅದರಲ್ಲಿ ಒಂದು ಗಂಟೆ ಇಡಬೇಕು. ಆಮೇಲೆ ಔಷಧಿಯಿಲ್ಲದ ಟ್ಯೂಬಿಗೆ ದಾಟಿಸಿ, ಸಕ್ಕರೆ ನೀರಿನ ಹತ್ತಿ ಕೊಟ್ಟು, ಮಾರನೆಯ ದಿನ ಅದೇ ಹೊತ್ತಿಗೆ ಸತ್ತವನ್ನು ಎಣಿಸಬೇಕು. ಜೊತೆಗೆ ಇನ್ನೊಂದು ಗುಂಪಿಗೆ ಔಷಧಿಯಿಲ್ಲದ ಬರೀ ಕಾಗದ. ಅದಕ್ಕೆ ಕಂಟ್ರೋಲ್ ಎನ್ನುತ್ತೇವೆ. ಕಂಟ್ರೋಲಿನ ಸೊಳ್ಳೆಗಳು ಬದುಕಿರಬೇಕು. ಅವೇ ಹೆಚ್ಚಾಗಿ ಸತ್ತರೆ ಪರೀಕ್ಷೆ ರದ್ದು, ಮತ್ತೆ ಬೆಳಗಿನ ಜಾವ ಜೀಪು ಹತ್ತಿ ಕೊಟ್ಟಿಗೆಗಳಿಗೆ ಹೋಗಬೇಕು. ಇದನ್ನೆಲ್ಲ ನಾನು ಕಣ್ಣು ಮುಚ್ಚಿಯೂ ಮಾಡಬಲ್ಲೆ ಎಂದುಕೊಂಡಿದ್ದೆ.

ಲೀಡ್ಸ್, ಗುರುವಾರ

ಆ ದಿನ ಟ್ಯೂಬುಗಳನ್ನು ರಾತ್ರಿಗಿಡುವ ಕೆಲಸ ನನ್ನ ಪಾಲಿಗೆ ಬಂತು. ಔಷಧಿ ತಗುಲಿದ ಸೊಳ್ಳೆಗಳ ನಾಲ್ಕು ಟ್ಯೂಬುಗಳನ್ನು ಮೇಲಿನ ಹಲಗೆಯಲ್ಲಿಟ್ಟೆ. ಕಂಟ್ರೋಲ್ ಟ್ಯೂಬುಗಳನ್ನು ಮಾತ್ರ ಎರಡೂ ಕೈಯಲ್ಲಿ ಹಿಡಿದು, ಕೋಣೆಯ ಮೂಲೆಯಲ್ಲಿ ತೇವಕ್ಕಾಗಿ ಇಟ್ಟಿದ್ದ ನೀರಿನ ತಟ್ಟೆಯ ಪಕ್ಕಕ್ಕೆ ಒಯ್ದೆ. ಪೌಲಿನ್ ನೋಡುತ್ತಿದ್ದರು.

"ಅವನ್ನು ಯಾಕೆ ಬೇರೆ ಇಟ್ಟಿರಿ?" ಎಂದರು.

"ಅವು ಕಂಟ್ರೋಲ್. ಸಾಯಬಾರದಲ್ಲ."

"ಮತ್ತೆ ಇವು?"

"ಇವು ಹೇಗೂ..." ಎಂದೆ.

ಆದರೂ ಸಮರ್ಥಿಸಿಕೊಳ್ಳಬೇಕಲ್ಲ. ನಮ್ಮಲ್ಲಿ ಹೇಗೆ ಮಾಡುತ್ತೇವೆಂದು ವಿವರಿಸಿದೆ. ನಮ್ಮ ಪ್ರಯೋಗಾಲಯ ಎಂದರೆ ತಗಡಿನ ಮಾಡಿನ ಒಂದು ಕೋಣೆ. ಮೂಲೆಯಲ್ಲಿ ಕುಡಿಯುವ ನೀರಿನ ಮಣ್ಣಿನ ಹರವಿ. ಅದರ ಪಕ್ಕದಲ್ಲಿ ಸದಾ ತಂಪು, ಆದರೆ ಜಾಗ ಕಡಿಮೆ. ಕಂಟ್ರೋಲ್ ಟ್ಯೂಬಿಗೆ ಒದ್ದೆ ಬಟ್ಟೆ ಸುತ್ತಿ ಹರವಿಯ ಪಕ್ಕದಲ್ಲಿಡುತ್ತೇವೆ. ಉಳಿದವು ಕಬ್ಬಿಣದ ಬೀರುವಿನ ಮೇಲೆ. ನನ್ನ ಮೇಲಿನವರು ನನಗೆ ಹಾಗೆ ಕಲಿಸಿದರು, ನಾನು ನನ್ನ ಕೆಳಗಿನವರಿಗೆ ಕಲಿಸಿದೆ. ಕಂಟ್ರೋಲನ್ನು ಬಾಣಂತಿಯ ಹಾಗೆ ನೋಡಿಕೊಳ್ಳಬೇಕು ಎನ್ನುವುದು ನನ್ನದೇ ಮಾತು. ನನ್ನ ಕೈಯಲ್ಲಿ ಕಂಟ್ರೋಲ್ ಸತ್ತು ಪರೀಕ್ಷೆ ರದ್ದಾದದ್ದೇ ಇಲ್ಲ ಎಂದು ಹೇಳುವಾಗ ನನ್ನ ದನಿಯಲ್ಲಿ ಹೆಮ್ಮೆಯೂ ಇತ್ತು.

ಬೇಸಿಗೆಯಲ್ಲಿ ಆ ಬೀರುವಿನ ಮೇಲೆ ಎಷ್ಟು ಬಿಸಿ ಇರುತ್ತದೆ ಎಂದು ಪೌಲಿನ್ ಕೇಳಿದರು. ಅಲ್ಲಿ ಇಟ್ಟ ಮೇಣದಬತ್ತಿ ಬಾಗಿದ್ದು ನನಗೆ ನೆನಪಿತ್ತು. ಅದನ್ನೇ ಹೇಳಿದೆ.

"ಹಾಗಾದರೆ ಅವನ್ನು ಕೊಂದದ್ದು ಔಷಧಿಯೋ, ಬೀರುವೋ?" ಎಂದರು ಅವರು. ಬೈಯುವ ದನಿಯಲ್ಲ, ನಿಜವಾಗಿಯೂ ತಿಳಿಯಬೇಕೆಂಬ ದನಿ.

ಎರಡನ್ನೂ ಒಂದೇ ಕಡೆ, ಒಂದೇ ತಂಪಿನಲ್ಲಿ ಇಟ್ಟರೆ ತಾನೇ ವ್ಯತ್ಯಾಸ ತಿಳಿಯುವುದು. ಇದು ಹೈಸ್ಕೂಲಿನ ಪಾಠ. ಮೂವತ್ತು ವರ್ಷ ನಾನು ಇದನ್ನು ಯೋಚಿಸಿರಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಯೋಚಿಸಿರಲಿಲ್ಲ. ಪರೀಕ್ಷೆ ರದ್ದಾಗಬಾರದು ಎನ್ನುವುದೇ ಕೆಲಸ ಎಂದುಕೊಂಡಿದ್ದೆ.

ನಾನೇ ಕೇಳಿಕೊಂಡೆ, ಒಂದು ಸಲ ಮಾಡಿ ನೋಡೋಣ ಎಂದು. ಎರಡು ಟ್ಯೂಬು, ಎರಡಕ್ಕೂ ಬರೀ ಕಾಗದ, ಔಷಧಿಯ ಸೋಂಕೇ ಇಲ್ಲ. ಒಂದನ್ನು ಒದ್ದೆ ಟವೆಲ್ಲಿನಲ್ಲಿ ಸುತ್ತಿ ಕೋಣೆಯಲ್ಲಿಟ್ಟೆವು. ಇನ್ನೊಂದನ್ನು ನಮ್ಮ ಏಪ್ರಿಲ್ ತಿಂಗಳ ಬಿಸಿಗೆ ಹೊಂದಿಸಿದ ಒಣ ಪೆಟ್ಟಿಗೆಯಲ್ಲಿ. ಮಾರನೆಯ ದಿನ ಟವೆಲ್ಲಿನ ಸೊಳ್ಳೆಗಳು ಟ್ಯೂಬು ತಟ್ಟಿದರೆ ಹಾರುತ್ತಿದ್ದವು. ಪೆಟ್ಟಿಗೆಯಲ್ಲಿದ್ದವು ಇಪ್ಪತ್ತೈದೂ ತಳದಲ್ಲಿ ಬಿದ್ದಿದ್ದವು. ನಾನು ಅವನ್ನು ಕಾಗದದ ಮೇಲೆ ಸುರಿದು ಕುಂಚದ ತುದಿಯಿಂದ ಒಂದೊಂದನ್ನೇ ಸರಿಸಿ ಎಣಿಸಿದೆ, ಯಾವುದಾದರೂ ಕಾಲು ಆಡಿಸೀತೆಂದು.

ಆಗ ಖಾಸಿಂಸಾಬರು ಟ್ಯೂಬು ಇಡುತ್ತಿದ್ದ ರೀತಿ ಕಣ್ಣ ಮುಂದೆ ಬಂತು. ಅವರು ಎಲ್ಲ ಟ್ಯೂಬುಗಳನ್ನೂ, ಔಷಧಿಯದು ಕಂಟ್ರೋಲು ಎನ್ನದೆ, ಒಂದೇ ಒದ್ದೆ ಟವೆಲ್ಲಿನಲ್ಲಿ ಸುತ್ತಿ ನೆಲದ ಮೇಲಿಡುತ್ತಿದ್ದರು. ಅವರ ಸೊಳ್ಳೆಗಳು ಎದ್ದು ಹಾರುತ್ತಿದ್ದದ್ದು ಔಷಧಿ ಕೆಲಸ ಮಾಡದ್ದರಿಂದ. ಅವರು ಸರಿಯಾಗಿ ಮಾಡಿದ್ದರು, ಸರಿಯಾಗಿಯೇ ಬರೆದಿದ್ದರು. ನಾನು ಆ ಪುಟಕ್ಕೆ ಅಡ್ಡಗೆರೆ ಎಳೆದು, ನಾನೇ ಮರುಪರೀಕ್ಷೆ ಮಾಡಿ, ಎಲ್ಲ ಸತ್ತಿವೆ ಎಂದು ಬರೆದು, ಅವರ ಕೈಗೆ ನೋಟಿಸ್ ಕೊಟ್ಟೆ.

ಅದೇ ಔಷಧಿ ಇನ್ನೂ ಮೂರು ಮಳೆಗಾಲ ನಡೆಯಿತು. ಆಮೇಲೆ ಬೇರೆ ತಂಡದವರು ಬಂದು ಪರೀಕ್ಷಿಸಿ, ಸೊಳ್ಳೆ ಬಗ್ಗುತ್ತಿಲ್ಲ ಎಂದು ಹೇಳಿದ ಮೇಲೆ ಬದಲಾಯಿತು. ಸೊಳ್ಳೆ ಈಚೆಗಷ್ಟೇ ಹೀಗಾಗಿದೆ ಎಂದು ನಾನು ಅಂದುಕೊಂಡೆ. ಆ ಮೂರರಲ್ಲಿ ಎರಡನೆಯ ಮಳೆಗಾಲ ಕಾಲುವೆ ಪಕ್ಕದ ಒಂದು ಊರಿನಲ್ಲಿ ಜ್ವರ ಎದ್ದಿತು. ಹೆರಿಗೆಗೆಂದು ತವರಿಗೆ ಬಂದಿದ್ದ ಒಂದು ಹುಡುಗಿ ಹೊಟ್ಟೆಯ ಕೂಸಿನೊಂದಿಗೆ ತೀರಿಕೊಂಡಳು. ಔಷಧಿ ಹೊಡೆದ ಮನೆಯಲ್ಲೇ ಹೀಗೇಕಾಯಿತು ಎಂದು ಮೇಲಿನವರು ಕೇಳಿದರು. ಹೋಗಿ ನೋಡಿದೆ. ಆ ಹುಡುಗಿಯ ತಾಯಿ ಪಂಚಮಿ ಹಬ್ಬಕ್ಕೆ ಗೋಡೆ ಸಾರಿಸಿದ್ದಳು. ಸಾರಿಸಿದರೆ ಔಷಧಿ ಮುಚ್ಚಿಹೋಗುತ್ತದೆ, ಅದು ನಿಜವೇ. ಆದರೆ ಸಾರಿಸದ ಪಕ್ಕದ ಮನೆಗಳಲ್ಲೂ ಜ್ವರ ಇತ್ತು. ನಾನು ಅದನ್ನು ಬಿಟ್ಟು, ಮನೆಯವರು ಗೋಡೆ ಸಾರಿಸಿದ್ದೇ ಕಾರಣ ಎಂದು ಬರೆದೆ. ಬರೆದದ್ದಷ್ಟೇ ಅಲ್ಲ, ಊರವರ ಮುಂದೆ ಆ ತಾಯಿಗೆ ಹೇಳಿಯೂ ಬಂದೆ.

ಪೌಲಿನ್ ಚಹಾ ತಂದಿಟ್ಟು ಎದುರಿನ ಸ್ಟೂಲಿನ ಮೇಲೆ ಕೂತರು. ನಾನು ಎಲ್ಲ ಹೇಳಿ ಮುಗಿಸಿದ ಮೇಲೆ, ಇದನ್ನು ಯಾರಿಗಾದರೂ ಹೇಳಬೇಕಾಗಿದೆಯೇ ಎಂದು ಕೇಳಿದರು. ಹೂಂ ಎಂದೆ.

ಮ್ಯಾಂಚೆಸ್ಟರ್

ಆ ವಾರದ ಶನಿವಾರ ಪೊಟ್ಟಣ ಹಿಡಿದು ಮ್ಯಾಕಲ್ಸ್‌ಫೀಲ್ಡ್‌ಗೆ ಹೊರಟೆ. ಮ್ಯಾಂಚೆಸ್ಟರ್‌ನಲ್ಲಿ ರೈಲು ಬದಲಿಸಬೇಕಿತ್ತು. ಬದಲಿಸಲಿಲ್ಲ. ಮೊದಲ ರೈಲು ಬಂದಾಗ ಕಾಫಿ ಮುಗಿದಿಲ್ಲ ಎಂದು ನೆಪ. ಎರಡನೆಯದಕ್ಕೆ ನೆಪವೂ ಸಿಗದೆ ಸುಮ್ಮನೆ ಕೂತಿದ್ದೆ. ಶಾಹೀನ್‌ಳಿಗೆ ಏನು ಹೇಳಬೇಕು, ಎಲ್ಲಿಂದ ಶುರು ಮಾಡಬೇಕು ಎಂದು ತಲೆಯಲ್ಲಿ ಬರೆದು ಅಳಿಸಿ ಬರೆಯುತ್ತಿದ್ದೆ.

ನನ್ನ ಬೆಂಚಿನಲ್ಲಿ ಒಬ್ಬ ಮುದುಕರು ದೊಡ್ಡ ನಾಯಿಯೊಂದಿಗೆ ಬಂದು ಕೂತರು. ಅಲ್ಲಿ ನಾಯಿಗಳೂ ರೈಲಿನಲ್ಲಿ ಓಡಾಡುತ್ತವೆ, ನಮ್ಮ ಜನಕ್ಕಿಂತ ಶಿಸ್ತಾಗಿ. ಈ ನಾಯಿ ಮಾತ್ರ ಮೂಗನ್ನು ಪೊಟ್ಟಣಕ್ಕೆ ಒತ್ತಿ ಕದಲಲೇ ಇಲ್ಲ. ಮುದುಕರು ನಾಯಿಯ ಪರವಾಗಿ ಕ್ಷಮೆ ಕೇಳಿದರು. ನಾನು ಪರವಾಗಿಲ್ಲ ಎಂದೆ, ಅವರು ಮತ್ತೆ ಕೇಳಿದರು. ಅವರ ನಾಯಿ ಮಾಡಿದ್ದೇನು, ಮೂಸಿ ನೋಡಿದ್ದು. ಅಷ್ಟಕ್ಕೆ ಎರಡು ಸಲ ಕ್ಷಮೆ ಕೇಳುವ ಆ ಮನುಷ್ಯನ ಪಕ್ಕದಲ್ಲಿ ಕೂರಲಾರದೆ ಮೂರನೆಯ ರೈಲು ಹತ್ತಿದೆ.

ಮ್ಯಾಕಲ್ಸ್‌ಫೀಲ್ಡ್

ಶಾಹೀನ್ ಸ್ಟೇಷನ್ನಿಗೆ ಬಂದಿದ್ದಳು, ಆರು ವರ್ಷದ ಮಗಳ ಕೈ ಹಿಡಿದು. ನಾನು ಅವಳನ್ನು ಕಡೆಯ ಸಲ ನೋಡಿದ್ದು ಅವಳು ಪಿಯುಸಿಯಲ್ಲಿದ್ದಾಗ, ಅಪ್ಪನಿಗೆ ಊಟದ ಡಬ್ಬಿ ತಂದು ಆಫೀಸಿನ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಈಗ ಅಲ್ಲಿ ಒಂದು ಮಾತ್ರೆ ತಯಾರಿಸುವ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಿಸುವ ಕೆಲಸ. ಗಂಡ ಆಸ್ಪತ್ರೆಯಲ್ಲಿ ಡಾಕ್ಟರ್, ಆ ದಿನ ರೋಟಾ ಪ್ರಕಾರ ಡ್ಯೂಟಿಯಲ್ಲಿದ್ದ.

ಮನೆ ಚಿಕ್ಕದು, ಚೊಕ್ಕ. ಮಂಡಕ್ಕಿ ಒಗ್ಗರಣೆ ಮಾಡಿಟ್ಟಿದ್ದಳು, ನಮ್ಮ ಕಡೆಯ ಹಾಗೆಯೇ ಪುಟಾಣಿ ಹಿಟ್ಟು ಉದುರಿಸಿ. ಪೊಟ್ಟಣ ಬಿಚ್ಚಿ ಗುರೆಳ್ಳು ಪುಡಿಯನ್ನು ಬೆರಳಿಗೆ ತಗುಲಿಸಿ ಬಾಯಿಗಿಟ್ಟುಕೊಂಡಳು. ಫ್ರಾಕ್ ಮಗುವಿಗೆ ಚಿಕ್ಕದಾಯಿತು. ಮಗು ಇಂಗ್ಲಿಷಿನಲ್ಲಿ ನಾನಾಗೆ, ಎಂದರೆ ಅಜ್ಜನಿಗೆ, ತಾನು ಬೆಳೆದದ್ದು ಗೊತ್ತಿಲ್ಲ ಎಂದಿತು. ಆದರೂ ಬಿಚ್ಚಲು ಒಪ್ಪದೆ ಅದನ್ನೇ ಹಾಕಿಕೊಂಡು ಓಡಾಡಿತು.

ನಾನು ತಟ್ಟೆ ಕೆಳಗಿಟ್ಟು ಶುರು ಮಾಡಿದೆ. ಹರವಿ, ಬೀರು, ಒದ್ದೆ ಟವೆಲ್, ನೋಟಿಸ್, ಎಲ್ಲ ಹೇಳಿದೆ. ಟಿವಿಡೇಲ್‌ನಲ್ಲಿ ಹೇಳಿದ ತಮಾಷೆಯ ಕತೆಯನ್ನೂ ಬಿಡಲಿಲ್ಲ. ಅವಳಿಗೆ ವಿವರಿಸುವ ಕಷ್ಟವಿರಲಿಲ್ಲ. ಕಂಟ್ರೋಲ್ ಎಂದರೇನು ಎಂದು ನನಗಿಂತ ಚೆನ್ನಾಗಿ ಬಲ್ಲವಳು. ಅರ್ಧಕ್ಕೇ ಅವಳಿಗೆ ಎಲ್ಲ ತಿಳಿದುಹೋಯಿತು, ಆದರೂ ಮಧ್ಯೆ ಬಾಯಿ ಹಾಕದೆ ಕೇಳಿದಳು. ತನ್ನ ಅಬ್ಬಾ ಆ ವರ್ಷ ಮನೆಯಲ್ಲಿ ಯಾರ ಜೊತೆಯೂ ಸರಿಯಾಗಿ ಮಾತಾಡುತ್ತಿರಲಿಲ್ಲ ಎಂದು ಮಾತ್ರ ಹೇಳಿದಳು. ಉಗ್ರಾಣದಿಂದ ಬಂದವರು ಕೈಕಾಲು ತೊಳೆದು ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದರಂತೆ.

ನನ್ನದು ತಪ್ಪಾಯಿತು ಎಂದೆ. ಅವಳು ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟಳು.

"ಮೇಡಂ, ಇದನ್ನ ನನಗೆ ಯಾಕೆ ಹೇಳ್ತಾ ಇದೀರಿ? ಅಬ್ಬಾ ನಿಮ್ಮ ಆಫೀಸಿನ ಹಿಂದಿನ ಓಣಿಯಲ್ಲೇ ಇದಾರಲ್ಲ."

ನಾನು ಮನಸ್ಸಿನಲ್ಲೇ ಹಾಕಿಕೊಂಡಿದ್ದ ಲೆಕ್ಕ ಅವಳಿಗೆ ಗೊತ್ತಾಗಿಹೋಗಿತ್ತು. ಮಗಳಿಗೆ ಹೇಳಿದರೆ ಅವಳು ಅಪ್ಪನಿಗೆ ಹೇಳುತ್ತಾಳೆ, ನಾನು ಆ ಮುಖ ನೋಡುವ ಕಷ್ಟ ತಪ್ಪುತ್ತದೆ ಎಂದುಕೊಂಡಿದ್ದೆ. ಅವಳು ವಿಡಿಯೋ ಕಾಲ್ ಹಚ್ಚಿ ಫೋನನ್ನು ನನ್ನ ಮುಂದೆ ನಿಲ್ಲಿಸಿದಳು.

ಖಾಸಿಂಸಾಬರ ಮುಖ ಬಂತು. ನನ್ನನ್ನು ನೋಡಿ ಎದ್ದು ಕೂತು ಟೋಪಿ ಸರಿಮಾಡಿಕೊಂಡರು. ಪೊಟ್ಟಣ ಮುಟ್ಟಿತೇ, ಚಳಿ ಹೇಗಿದೆ, ಅಲ್ಲಿನ ಸೊಳ್ಳೆ ನೋಡಿದಿರಾ ಎಂದು ಒಂದೇ ಸಮನೆ ಕೇಳಿದರು. ಇನ್ನೂ ನಾಲ್ಕು ಪ್ರಶ್ನೆ ಕೇಳಲಿ, ಅಲ್ಲಿಯ ತನಕ ಸಮಯ ಸಿಗುತ್ತದೆ ಎಂದು ನಾನು ಆಸೆಪಟ್ಟೆ. ಶಾಹೀನ್ ನನ್ನನ್ನೇ ನೋಡುತ್ತಿದ್ದಳು. ಹೇಳಿದೆ. ಮಗಳಿಗೆ ಅರ್ಧ ಗಂಟೆ ಹಿಡಿದದ್ದು ಅಪ್ಪನಿಗೆ ಎರಡು ನಿಮಿಷದಲ್ಲಿ ಮುಗಿಯಿತು.

ಅವರಿಗೆ ಆಶ್ಚರ್ಯವಾಗಲಿಲ್ಲ.

"ನನಗ ಗೊತ್ತಿತ್ರಿ ಮೇಡಂ" ಎಂದರು. "ನೀವು ಅದೊಂದನ್ನ ಹರವಿ ಬಾಜೂಕ ಇಡ್ತಿದ್ರಿ. ನೋಟಿಸ್ ಕೊಟ್ಟ ಮ್ಯಾಲೆ ಉಗ್ರಾಣದಾಗ ಕುಂತು ಯೋಚನೆ ಮಾಡಿದೆ, ತಿಳೀತು. ಬಂದು ಹೇಳಬೇಕಂತ ನಿಮ್ಮ ಬಾಗಿಲತನಕ ಎರಡು ಸಲ ಬಂದೆ. ಆಮ್ಯಾಲೆ ಸಿಟ್ಟು ಬಂತು. ಓದಿದಾಕಿ ತಾನೇ ತಿಳ್ಕೊಳ್ಳಲಿ ಅಂತ ಸುಮ್ಮನಾದೆ. ಮೂರು ವರ್ಷ ಸುಮ್ಮನಿದ್ದೆನ್ರಿ."

ಶಾಹೀನ್ ಕುರ್ಚಿಯಿಂದ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು. ಅಪ್ಪ ನಿರಪರಾಧಿ ಎಂದು ಕೇಳಿದ ಸಂತೋಷ ಅವಳಿಗೆ ಐದು ನಿಮಿಷವೂ ದಕ್ಕಲಿಲ್ಲ. ನಾನು ಅವರ ಕ್ಷಮೆ ಬೇಡಲು ಬಂದವಳು. ಅವರ ಮುಖ ನೋಡಿದರೆ ಅವರೂ ನನ್ನಿಂದ ಕ್ಷಮೆ ಸಿಗಲೆಂದು ಕಾಯುತ್ತಿದ್ದಂತಿತ್ತು. ನಾನು ಆ ನೋಟಿಸ್ ಕೊಟ್ಟದ್ದರಿಂದ ಅವರೊಬ್ಬರು ಆ ಕೆಲಸ ಕಳೆದುಕೊಂಡರು, ಅಷ್ಟೇ ಎಂದು ತಿಳಿದಿದ್ದೆ. ನನ್ನ ತಪ್ಪನ್ನು ತೋರಿಸಬಲ್ಲ ಒಂದೇ ಬಾಯನ್ನು ಮುಚ್ಚಿಸಿದ್ದೆ ಎಂದು ಆಗ ತಿಳಿಯಿತು.

ಆಫೀಸಿಗೆ ಬರೆದುಕೊಡುತ್ತೇನೆ, ನಿಮ್ಮ ಹೆಸರು ಸರಿಮಾಡಿಸುತ್ತೇನೆ ಎಂದೆ. ಅವರು ಕೈ ಆಡಿಸಿದರು.

"ನನ್ನ ಹೆಸರು ಇರ್ಲಿ ಬಿಡ್ರಿ. ಕಾಲುವಿ ಊರಿನ ಆ ತಾಯಿಗೆ ಹೇಳಬೇಕಲ್ಲ. ನೀವು ಬರ್ರಿ, ಕೂಡೇ ಹೋಗೋಣು."

ಕಾಲುವೆ ಪಕ್ಕದ ಊರು

ಲೀಡ್ಸ್‌ನ ಉಳಿದ ದಿನಗಳ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ. ಕಡೆಯ ದಿನ ಪೌಲಿನ್ ನನಗೂ "ಪರವಾಗಿಲ್ಲ" ಎಂದರು. ಊರಿಗೆ ಬಂದು ಮೊದಲು ಆಫೀಸಿಗೆ ಎರಡು ಪುಟದ ಪತ್ರ ಬರೆದುಕೊಟ್ಟೆ. ಈಗ್ಯಾಕೆ ಮೇಡಂ, ಎರಡು ವರ್ಷ ಇದೆ, ನೆಮ್ಮದಿಯಾಗಿ ಹೋಗಿ ಎಂದು ಮೇಲಿನವರು ಪತ್ರವನ್ನು ಹಿಂದಕ್ಕೆ ತಳ್ಳಿದರು. ನಾನು ತೆಗೆದುಕೊಳ್ಳಲಿಲ್ಲ. ವಿಚಾರಣೆಯಾದರೆ ಆಗಲಿ.

ಶುಕ್ರವಾರ ಮಧ್ಯಾಹ್ನ ನಮಾಜು ಮುಗಿಸಿ ಖಾಸಿಂಸಾಬರು ಬಂದರು. ಬಸ್ಸಿನಲ್ಲಿ ಹೋದೆವು. ನಾನೇ ಹೇಳಬೇಕೆಂದು ದಾರಿಯಲ್ಲಿ ಮಾತಾಡಿಕೊಂಡಿದ್ದೆವು. ಆ ಹೆಣ್ಣುಮಗಳು ಅಂಗಳದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ನನ್ನ ಗುರುತು ಹಿಡಿದಳು, ಮೊರದಲ್ಲಿ ಆಡುತ್ತಿದ್ದ ಕೈ ನಿಂತಿತು. ನಾನು ಅವಳ ಎದುರಿಗೆ ನೆಲದ ಮೇಲೆ ಕೂತು, ನಿನ್ನ ಮಗಳು ಹೋದದ್ದು ನೀನು ಗೋಡೆ ಸಾರಿಸಿದ್ದರಿಂದ ಅಲ್ಲವ್ವಾ, ನಾವು ಹೊಡೆದ ಔಷಧಿಗೆ ಸೊಳ್ಳೆ ಸಾಯುತ್ತಿರಲಿಲ್ಲ, ಸಾಯುತ್ತದೆ ಎಂದು ನಾನು ತಪ್ಪು ಬರೆದಿದ್ದೆ ಎಂದೆ. ಖಾಸಿಂಸಾಬರು, ನನಗೆ ಗೊತ್ತಿದ್ದೂ ನಾನು ಹೇಳಲಿಲ್ಲವ್ವಾ ಎಂದರು.

ಅವಳು ಬೈಯಬಹುದು, ಅಳಬಹುದು, ಎದ್ದು ಹೋಗಿ ಎನ್ನಬಹುದು ಎಂದು ಎಲ್ಲಕ್ಕೂ ಸಿದ್ಧಳಾಗಿ ಹೋಗಿದ್ದೆ. ಅವಳು ಮೊರವನ್ನು ಪಕ್ಕಕ್ಕಿಟ್ಟು ಸೆರಗಿನಿಂದ ಕೈ ಒರೆಸಿಕೊಂಡಳು.

"ಆಕಿ ಅಪ್ಪ ಅವತ್ತಿನಿಂದ ನನ್ನ ಕೈಯಾಗಿಂದ ಉಣ್ಣೂದು ಬಿಟ್ಟಿದ್ದನ್ರಿ" ಎಂದಳು. "ತಾನೇ ರೊಟ್ಟಿ ಬಡಕೊಂಡು ಉಣ್ತಿದ್ದ. ಹೋದ ವರ್ಷ ಸತ್ತ. ಇದನ್ನ ಅವಗ ಯಾರು ಹೇಳ್ತೀರಿ?"